ಆಫ್ರಿಕಾದ ಸರ್ಜನ್ ಪಕ್ಕದಲ್ಲಿ ಕೂತು ಕಲಿಯಿರಿ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು ಎಂ.ಎಸ್. ಮುಗಿಸಿದ ಮೇಲೆ ಲ್ಯಾಪ್ರೋಸ್ಕೋಪಿ ಕಲಿಯಲೆಂದು ಕೊಯಮತ್ತೂರು, ಬೆಂಗಳೂರು, ಮುಂಬೈ, ಗುರುಗ್ರಾಮದ ದಾರಿ ಹಿಡಿಯುತ್ತೀರಿ. ಹೊರಡುವ ಮುಂಚೆ ನನ್ನ ಹತ್ತಿರ ಬಂದವರೆಲ್ಲ ಕೇಳುವುದು ಒಂದೇ ಮಾತು: ಯಾವ ಕೋರ್ಸ್ ಒಳ್ಳೆಯದು, ಯಾವ ಸರ್ಟಿಫಿಕೇಟಿಗೆ ಬೆಲೆ ಜಾಸ್ತಿ? ಕೋರ್ಸ್ ಯಾವುದಾದರೂ ಇರಲಿ. ತರಗತಿಯಲ್ಲಿ ಆಫ್ರಿಕಾದಿಂದ ಬಂದ ಸರ್ಜನ್ ಒಬ್ಬರಿದ್ದರೆ ಅವರ ಪಕ್ಕದ ಕುರ್ಚಿ ಹಿಡಿಯಿರಿ.

ನೈಜೀರಿಯಾ, ಸುಡಾನ್, ತಾಂಜಾನಿಯಾ, ಇಥಿಯೋಪಿಯಾದಿಂದ ಬರುವ ಈ ವೈದ್ಯರಲ್ಲಿ ಹಲವರು ಸ್ವಂತ ಉಳಿತಾಯದ ದುಡ್ಡು ಕಟ್ಟಿ, ಕೆಲಸಕ್ಕೆ ರಜೆ ಹಾಕಿ ಬಂದವರು. ನಮ್ಮ ವೈದ್ಯಕೀಯ ಆಯೋಗದ ತಾತ್ಕಾಲಿಕ ನೋಂದಣಿ ಇಲ್ಲದೆ ವಿದೇಶಿ ವೈದ್ಯರು ಇಲ್ಲಿ ರೋಗಿಗೆ ಕೈ ಹಚ್ಚುವಂತಿಲ್ಲ. ಹಾಗಾಗಿ ಸಣ್ಣ ಅವಧಿಯ ಕೋರ್ಸಿಗೆ ಬಂದವರಿಗೆ ಹೆಚ್ಚಾಗಿ ಸಿಗುವುದು ಸಿಮ್ಯುಲೇಟರಿನ ಮೇಲಿನ ಅಭ್ಯಾಸ ಮತ್ತು ಹಿಂದೆ ನಿಂತು ನೋಡುವ ಅವಕಾಶ. ಅಷ್ಟರಲ್ಲೇ ಎಲ್ಲವನ್ನೂ ಹೀರಿಕೊಂಡು ಹೋಗಬೇಕು. ಅವರ ಪ್ರಶ್ನೆಗಳು ಮೊನಚಾಗಿರುವುದು ಇದರಿಂದಲೇ. ನಮ್ಮ ಹುಡುಗರು "ಇದು ಯಾವ ಕಂಪನಿ ಕ್ಯಾಮೆರಾ ಸರ್?" ಎಂದು ಕೇಳುವ ಹೊತ್ತಿಗೆ ಅವರು ಕೇಳುವುದು ಬೇರೆ: ನಡುವೆ ಗ್ಯಾಸ್ ಖಾಲಿಯಾದರೆ ಏನು ಮಾಡುವುದು? ಕರೆಂಟ್ ಹೋದರೆ? ಈ ಕ್ಲಿಪ್ ನಮ್ಮಲ್ಲಿ ಸಿಗದಿದ್ದರೆ ದಾರದಲ್ಲಿ ಗಂಟು ಹಾಕುವುದು ಹೇಗೆ?

ಊರಿಗೆ ಬಂದ ಮೇಲೆ ನಿಮ್ಮನ್ನು ಕಾಡುವುದೂ ಇವೇ ಪ್ರಶ್ನೆಗಳು. ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಯಲ್ಲಿ ಕೆಲಸ ಹಿಡಿಯುವವರಿಗೆ ಅವು ಬೇಕಾಗದೆ ಇರಬಹುದು. ತಾಲ್ಲೂಕು ಆಸ್ಪತ್ರೆಗೆ ಬರುವವರಿಗೆ ಬೇಕೇ ಬೇಕು. ತಾಳಿಕೋಟೆಯ, ಆಲಮೇಲದ, ಚಡಚಣದ ರೋಗಿ ಇವತ್ತಿಗೂ ವಿಜಯಪುರಕ್ಕೆ ಬಸ್ ಹತ್ತುತ್ತಾನೆ. ಅಲ್ಲಿ ಸಮಾಧಾನವಾಗದಿದ್ದರೆ ಸೊಲ್ಲಾಪುರ, ಇಲ್ಲವೇ ನಮ್ಮ ಅಜ್ಜಂದಿರ ಕಾಲದಿಂದ ರೂಢಿಯಾದ ಮಿರಜ್. ಜಗತ್ತಿನಲ್ಲಿ ಸುಮಾರು 500 ಕೋಟಿ ಜನರಿಗೆ ಸುರಕ್ಷಿತವಾದ, ಕೈಗೆಟಕುವ ಶಸ್ತ್ರಚಿಕಿತ್ಸೆ ಸಿಗುತ್ತಿಲ್ಲ ಎಂದು 2015ರಲ್ಲಿ ಲ್ಯಾನ್ಸೆಟ್ ಆಯೋಗ ಲೆಕ್ಕ ಹಾಕಿತು. ಆಫ್ರಿಕಾದ ಹಳ್ಳಿಗಳೂ ನಮ್ಮ ಭೀಮಾತೀರದ ಹಳ್ಳಿಗಳೂ ಆ ಲೆಕ್ಕದಲ್ಲಿ ಒಂದೇ ಕಡೆ ಬರುತ್ತವೆ.

ಈ ವಿದ್ಯೆ ಬೆಳೆದು ಬಂದ ಬಗೆಯನ್ನೂ ತಿಳಿದಿರಿ. ಜರ್ಮನಿಯ ಎರಿಕ್ ಮ್ಯೂಹೆ 1985ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ದುರ್ಬೀನಿನ ಮೂಲಕ ಪಿತ್ತಕೋಶ ತೆಗೆದಾಗ ಅವರ ದೇಶದ ಸರ್ಜನ್‌ಗಳೇ ಒಪ್ಪಲಿಲ್ಲ. ಎರಡು ವರ್ಷ ಕಳೆದು ಫ್ರಾನ್ಸಿನ ಲಿಯಾನ್‌ನಲ್ಲಿ ಫಿಲಿಪ್ ಮೂರೆ ಮಾಡಿದ ಮೇಲೆ ಸುದ್ದಿ ಹಬ್ಬಿತು. ನಮ್ಮ ದೇಶದಲ್ಲಿ 1990ರ ಮೇ ತಿಂಗಳಲ್ಲಿ ಡಾ. ತೆಹೆಂತೋನ್ ಉದ್ವಾಡಿಯಾ ಅದನ್ನು ಮಾಡಿ ತೋರಿಸಿದ್ದು ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ. ಬಡವರು ಸಾಲುಗಟ್ಟುವ ಸರ್ಕಾರಿ ಆಸ್ಪತ್ರೆ ಅದು. 1972ರಿಂದಲೇ ಅವರು ಹೊಟ್ಟೆಯೊಳಗೆ ದುರ್ಬೀನು ಇಳಿಸಿ ಕಾಯಿಲೆ ಪತ್ತೆ ಮಾಡುತ್ತಿದ್ದರು. ಸ್ಕ್ಯಾನಿಂಗ್ ಇಲ್ಲದ ಆ ಕಾಲದಲ್ಲಿ ಹೊಟ್ಟೆಯ ಕ್ಷಯ ಗುರುತಿಸಲು ಅದು ದೊಡ್ಡ ಆಸರೆಯಾಗಿತ್ತು. ಬಡ ದೇಶಕ್ಕೆ ಈ ವಿದ್ಯೆ ದುಬಾರಿ ಶೋಕಿ ಎನ್ನುವವರ ಎದುರು ಅವರು ಜೀವನವಿಡೀ ವಾದಿಸಿದರು. ಅವರ ವಾದ ನಮ್ಮ ಕಡೆಗೆ ಚೆನ್ನಾಗಿ ಹೊಂದುತ್ತದೆ. ಕಬ್ಬು ಕಡಿಯುವ ಗ್ಯಾಂಗಿನ ಹೆಣ್ಣುಮಗಳಿಗೆ ಉದ್ದ ಗೀರಿನ ಆಪರೇಷನ್ ಆದರೆ ಅರ್ಧ ಹಂಗಾಮಿನ ಕೂಲಿ ಹೋಯಿತು. ಸಣ್ಣ ತೂತುಗಳಲ್ಲಿ ಆದರೆ ಕೆಲವೇ ದಿನಗಳಲ್ಲಿ ಎದ್ದು ಓಡಾಡುತ್ತಾಳೆ. ಸಂಬಳದ ನೌಕರನಿಗಿಂತ ಕೂಲಿಯವಳಿಗೇ ಇದರ ಲಾಭ ಹೆಚ್ಚು.

ನಮ್ಮ ತಾಯಂದಿರಿಗೆ ದುರ್ಬೀನಿನ ಆಪರೇಷನ್ ಹೊಸದೇನಲ್ಲ ಎಂಬುದೂ ನೆನಪಿರಲಿ. ಸಂತಾನಶಕ್ತಿ ಹರಣದ ಕ್ಯಾಂಪುಗಳಲ್ಲಿ ಲ್ಯಾಪ್ರೋಸ್ಕೋಪು ಹಳ್ಳಿಗಳಿಗೆ ಬಂದು ದಶಕಗಳೇ ಆದವು. ಉಪಕರಣ ಬಂತು, ಟಾರ್ಗೆಟ್ಟೂ ಬಂತು. ಕೊನೆಗೆ ಏನಾಯಿತು ಎಂಬುದನ್ನು 2014ರ ನವೆಂಬರ್‌ನಲ್ಲಿ ಛತ್ತೀಸಗಡದ ಬಿಲಾಸಪುರ ತೋರಿಸಿತು. ಒಂದೇ ಕ್ಯಾಂಪಿನಲ್ಲಿ, ಕೆಲವೇ ತಾಸುಗಳಲ್ಲಿ 83 ಹೆಣ್ಣುಮಕ್ಕಳಿಗೆ ಆಪರೇಷನ್ ಮಾಡಲಾಗಿತ್ತು. ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಎರಡು ವರ್ಷಗಳ ನಂತರ ಸುಪ್ರೀಂ ಕೋರ್ಟ್ ಇಂಥ ಕ್ಯಾಂಪುಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಿ ಎಂದು ಹೇಳಬೇಕಾಯಿತು. ಒಂದು ದಿನಕ್ಕೆ ಎಷ್ಟು ಕೇಸ್ ಮಾಡಿದೆ ಎಂಬ ಹೆಮ್ಮೆ ನಿಮ್ಮ ಹತ್ತಿರ ಸುಳಿಯದಿರಲಿ.

ಈಗ ಕೆಲಸದ ಮಾತಿಗೆ ಬರುತ್ತೇನೆ.

ಕೋರ್ಸಿಗೆ ಹೋಗುವ ಮೊದಲೇ ಕೈ ಪಳಗಿಸಿಕೊಳ್ಳಿ. ಒಂದು ರಟ್ಟಿನ ಡಬ್ಬಿ ತಗೊಂಡು ಮೇಲ್ಗಡೆ ಎರಡು ತೂತು ಕೊರೆದು, ಒಳಗೆ ಒಂದು ಬಲ್ಬ್ ಇಟ್ಟು, ಮೊಬೈಲನ್ನು ಕ್ಯಾಮೆರಾದಂತೆ ನಿಲ್ಲಿಸಿದರೆ ಅಭ್ಯಾಸದ ಪೆಟ್ಟಿಗೆ ಸಿದ್ಧ. ಹಳೆಯ ಗ್ರಾಸ್ಪರ್ ಎರಡು ಸಿಕ್ಕರೆ ಸಾಕು. ಒಂದು ಬಟ್ಟಲಿನ ತೊಗರಿಕಾಳನ್ನು ಇನ್ನೊಂದಕ್ಕೆ ಒಂದೊಂದಾಗಿ ಸಾಗಿಸಿ, ಮೊದಲು ಬಲಗೈಲಿ, ಆಮೇಲೆ ಎಡಗೈಲಿ. ಮೊದಲ ದಿನ ರೇಗಿ ಹೋಗುತ್ತದೆ. ಉಪಕರಣ ಹೊಟ್ಟೆಯ ಗೋಡೆಯ ತೂತಿನಲ್ಲಿ ತಿರುಗುವುದರಿಂದ ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ ಹೋಗುತ್ತದೆ. ಪರದೆ ಚಪ್ಪಟೆ, ಆಳ ತಿಳಿಯುವುದಿಲ್ಲ. ಕಾಳು ಇಲ್ಲೇ ಇದೆ ಅಂದುಕೊಂಡರೆ ಅದು ಇನ್ನೂ ಒಂದು ಬೆರಳಿನಷ್ಟು ಹಿಂದೆ ಇರುತ್ತದೆ. ಕಾಳು ಸರಾಗವಾದ ಮೇಲೆ ಕೋಳಿ ಚರ್ಮ ಹಾಸಿ ಹೊಲಿಗೆ ಹಾಕಿ, ಒಳಗೇ ಗಂಟು ಬಿಗಿಯುವುದನ್ನು ಕಲಿಯಿರಿ. ಈ ತಪ್ಪುಗಳೆಲ್ಲ ಮನೆಯ ಮೇಜಿನ ಮೇಲೇ ತೀರಿಹೋಗಲಿ. ಕೋರ್ಸಿನ ದುಬಾರಿ ದಿನಗಳನ್ನು ಇದಕ್ಕೆ ಕಳೆಯಬೇಡಿ.

ಎರಡನೆಯದು, ಒಬ್ಬರೇ ಕಲಿತು ಬಂದರೆ ಏನೂ ನಡೆಯುವುದಿಲ್ಲ. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿದಾಗ ವಪೆ ಮೇಲೆ ಸರಿಯುತ್ತದೆ, ಗ್ಯಾಸ್ ರಕ್ತಕ್ಕೆ ಸೇರುತ್ತದೆ. ಕೆಲವರಲ್ಲಿ ಗ್ಯಾಸ್ ತುಂಬಿದ ಕೂಡಲೇ ನಾಡಿ ದಿಢೀರನೆ ಇಳಿಯುತ್ತದೆ. ಅರವಳಿಕೆ ತಜ್ಞರು "ಗ್ಯಾಸ್ ಬಿಡಿ" ಅಂದ ಕ್ಷಣದಲ್ಲಿ, ಯಾಕೆ ಎಂದು ಕೇಳದೆ, ಗ್ಯಾಸ್ ಹೊರಗೆ ಬಿಡಬೇಕು. ಕ್ಯಾಪ್ನೋಗ್ರಾಫ್ ಇಲ್ಲದೆ ಗ್ಯಾಸ್ ತುಂಬುವ ಕೆಲಸ ಶುರು ಮಾಡಬೇಡಿ. ಕ್ಯಾಮೆರಾ ಹಿಡಿಯುವವರ ಕೈ ಅಲುಗಾಡಿದರೆ ನಿಮ್ಮ ಕಣ್ಣೇ ಅಲುಗಾಡಿದಂತೆ. ಹಾಗಾಗಿ ರಜೆಗೂ ಖರ್ಚಿಗೂ ಅನುಮತಿ ಕೇಳುವಾಗ ಒಬ್ಬ ಸ್ಟಾಫ್ ನರ್ಸ್, ಒಬ್ಬ ಓಟಿ ಟೆಕ್ನಿಷಿಯನ್ ಹೆಸರನ್ನೂ ಸೇರಿಸಿ ಬರೆಯಿರಿ. ಸಿಗದಿದ್ದರೆ ಮತ್ತೆ ಬರೆಯಿರಿ. ಬಡ ದೇಶಗಳ ಆಸ್ಪತ್ರೆಗಳಲ್ಲಿ ವೈದ್ಯಕೀಯ ಉಪಕರಣಗಳ ಪೈಕಿ ಹತ್ತಿರ ಹತ್ತಿರ 40% ಕೆಟ್ಟು ಕೂತಿರುತ್ತವೆ ಎಂದು 2011ರ ಒಂದು ಅಧ್ಯಯನ ಹೇಳಿತು. ರಿಪೇರಿ ಗೊತ್ತಿರುವವರಿಲ್ಲದ ಕಡೆ ಹೊಸ ಲ್ಯಾಪ್ರೋಸ್ಕೋಪಿ ಟವರ್ ಬಂದರೂ ಬೀರುವಿನಲ್ಲೇ ಇರುತ್ತದೆ.

ಮೂರನೆಯದು, ತೊಳೆಯುವ ಕೆಲಸ. ದೊಡ್ಡ ಆಸ್ಪತ್ರೆಯಲ್ಲಿ ಅದಕ್ಕೇ ಬೇರೆ ವಿಭಾಗವಿರುತ್ತದೆ, ಹಾಗಾಗಿ ಅದನ್ನು ಯಾರೂ ನಿಮಗೆ ತೋರಿಸುವುದಿಲ್ಲ. ಕೇಳಿ ನೋಡಿಕೊಳ್ಳಿ. ತೆಳ್ಳನೆಯ ಉದ್ದ ಉಪಕರಣದ ಸಂದುಗಳಲ್ಲಿ ರಕ್ತ ಒಣಗಿದರೆ ಯಾವ ರಾಸಾಯನಿಕವೂ ಒಳಗೆ ಇಳಿಯುವುದಿಲ್ಲ. ಪೂರ್ತಿ ಬಿಚ್ಚಬೇಕು, ಬ್ರಷ್ ಹಾಕಿ ಉಜ್ಜಬೇಕು. ಆಟೊಕ್ಲೇವ್ ತಾಳುವುದೆಲ್ಲ ಆಟೊಕ್ಲೇವಿಗೇ ಹೋಗಬೇಕು. ಗ್ಲುಟರಾಲ್ಡಿಹೈಡಿನಲ್ಲಿ ಮುಳುಗಿಸಿ ತೆಗೆದದ್ದನ್ನು ನಲ್ಲಿ ನೀರಲ್ಲಿ ಜಾಲಾಡಿಸುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಆ ನೀರಿನಲ್ಲಿರುವ, ಕ್ಷಯದ ಕ್ರಿಮಿಯ ದಾಯಾದಿಗಳಾದ ಬ್ಯಾಕ್ಟೀರಿಯಾ ತೂತಿನ ಗಾಯಕ್ಕೆ ಸೇರುತ್ತವೆ. ಹೊಲಿಗೆ ಬಿಚ್ಚಿ ಕಳಿಸಿದ ಮೇಲೆ, ಮೂರು ನಾಲ್ಕು ವಾರಕ್ಕೆ ಹೊಕ್ಕುಳ ಹತ್ತಿರ ಗಂಟಾಗಿ ಕೀವು ಸೋರಲು ಶುರುವಾಗುತ್ತದೆ. ಸಾಮಾನ್ಯ ಆಂಟಿಬಯಾಟಿಕ್ಕಿಗೆ ಬಗ್ಗುವುದಿಲ್ಲ, ತಿಂಗಳುಗಟ್ಟಲೆ ಔಷಧ ಬೇಕು. ಕೂಲಿ ಉಳಿಸಲೆಂದು ಸಣ್ಣ ತೂತಿನ ಆಪರೇಷನ್ ಮಾಡಿಸಿಕೊಂಡವಳಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಗ್ಯಾಸ್ ಪೂರೈಕೆ, ಅರವಳಿಕೆ ತಜ್ಞರು ಎರಡೂ ಖಾತ್ರಿಯಿಲ್ಲದ ಕಡೆ ಏನು ಮಾಡುವುದು ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ಉತ್ತರವಿದೆ. ಈಶಾನ್ಯ ಭಾರತದ ಗ್ರಾಮೀಣ ಆಸ್ಪತ್ರೆಗಳಲ್ಲಿ ಡಾ. ಜೆ. ಜ್ಞಾನರಾಜ್ ಮತ್ತು ಅವರ ಜೊತೆಗಾರರು ಗ್ಯಾಸ್ ತುಂಬದೆ, ಹೊಟ್ಟೆಯ ಗೋಡೆಯನ್ನು ಒಂದು ಸಾಧನದಿಂದ ಮೇಲಕ್ಕೆತ್ತಿ, ಬೆನ್ನುಹುರಿಯ ಅರವಳಿಕೆಯಲ್ಲೇ ಲ್ಯಾಪ್ರೋಸ್ಕೋಪಿ ಮಾಡುವ ಪದ್ಧತಿ ಬೆಳೆಸಿದ್ದಾರೆ. ಗ್ಯಾಸಿನಷ್ಟು ಜಾಗ ಅದರಲ್ಲಿ ಸಿಗುವುದಿಲ್ಲ, ಎಲ್ಲ ಆಪರೇಷನ್ನಿಗೂ ಅದು ಹೊಂದುವುದಿಲ್ಲ. ಆದರೆ ಅದನ್ನೂ ಒಮ್ಮೆ ನೋಡಿ ಬನ್ನಿ. ನಿಮ್ಮ ಪಕ್ಕದ ಆಫ್ರಿಕಾದ ಸರ್ಜನ್ ಅದರ ಬಗ್ಗೆ ನಿಮಗಿಂತ ಮೊದಲೇ ವಿಚಾರಿಸಿರುತ್ತಾರೆ.

ಇನ್ನು ಪಿತ್ತಕೋಶ. ಪೇಟೆಯ ಕಲಿಕೆಯ ಅಹಂಕಾರ ಒಡೆಯುವುದು ಇಲ್ಲೇ. ಅಮೆರಿಕದ ಸದರ್ನ್ ಸರ್ಜನ್ಸ್ ಕ್ಲಬ್ 1995ರಲ್ಲಿ ಹೊಸದಾಗಿ ಕಲಿತ ಸರ್ಜನ್‌ಗಳ ಲೆಕ್ಕ ತೆಗೆದಾಗ, ಪಿತ್ತನಾಳಕ್ಕೆ ಪೆಟ್ಟು ಬಿದ್ದ ಘಟನೆಗಳಲ್ಲಿ 90% ಆಯಾ ಸರ್ಜನ್‌ನ ಮೊದಲ 30 ಕೇಸುಗಳಲ್ಲೇ ಆಗಿದ್ದವು. ಅಂದರೆ ಕೋರ್ಸ್ ಮುಗಿಸಿ ಊರಿಗೆ ಬಂದ ಹೊಸತರಲ್ಲಿ, ಪಕ್ಕದಲ್ಲಿ ಗುರು ಇಲ್ಲದ ಹೊತ್ತಿನಲ್ಲಿ. ಅದೇ ವರ್ಷ ಡಾ. ಸ್ಟ್ರಾಸ್‌ಬರ್ಗ್ ಹೇಳಿಕೊಟ್ಟ ಮೂರು ನಿಯಮಗಳನ್ನು ಓಟಿಯ ಗೋಡೆಗೆ ಬರೆಸಿ ಹಾಕಿ. ಪಿತ್ತಕೋಶದ ಬುಡದ ತ್ರಿಕೋನದಲ್ಲಿ ಕೊಬ್ಬು, ನಾರು ಎಲ್ಲ ಬಿಡಿಸಿ ಚೊಕ್ಕಟವಾಗಿರಬೇಕು. ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಯಕೃತ್ತಿನಿಂದ ಬೇರ್ಪಟ್ಟು ಹಿಂದಿನ ಯಕೃತ್ತು ಕಾಣಬೇಕು. ಪಿತ್ತಕೋಶದ ಒಳಗೆ ಹೋಗುವುದು ಎರಡೇ ಎರಡು ರಚನೆಗಳು, ಒಂದು ನಾಳ, ಒಂದು ರಕ್ತನಾಳ ಎಂದು ಕಣ್ಣಿಗೆ ಕಾಣಬೇಕು. ಈ ಮೂರೂ ಕಂಡ ಮೇಲೆ ಕತ್ತರಿ ನಿಲ್ಲಿಸಿ, ನರ್ಸಿಗೂ ತೋರಿಸಿ, ಆಮೇಲೆ ಕ್ಲಿಪ್ ಹಾಕಿ. ಕಾಣದಿದ್ದರೆ ಹೊಟ್ಟೆ ತೆರೆಯಿರಿ, ಅದರಲ್ಲಿ ಅವಮಾನವೇನೂ ಇಲ್ಲ. ಉದ್ದ ಗೀರಿನ ಆಪರೇಷನ್ ಮರೆತ ಸರ್ಜನ್ ತಾಲ್ಲೂಕು ಆಸ್ಪತ್ರೆಯಲ್ಲಿ ಲ್ಯಾಪ್ರೋಸ್ಕೋಪಿಗೆ ಕೈ ಹಾಕಬಾರದು. ಶುರುವಿನಲ್ಲಿ ಅಪೆಂಡಿಕ್ಸ್, ಹೊಟ್ಟೆಯ ಕ್ಷಯಕ್ಕೆ ಬಯಾಪ್ಸಿ, ಕಾರಣ ತಿಳಿಯದ ಹೊಟ್ಟೆನೋವಿಗೆ ಒಳಗೆ ನೋಡುವುದು, ಇಷ್ಟೇ ಇರಲಿ. ಊದಿಕೊಂಡು ಅಂಟಿಕೊಂಡ ಪಿತ್ತಕೋಶವನ್ನು ವಿಜಯಪುರಕ್ಕೆ ಕಳಿಸಿ. ಜೊತೆಗೆ ನೀವೂ ಹೋಗಿ ನಿಂತು ನೋಡಿ.

ಯಂತ್ರ ಕೈಗೆ ಬಂದ ಮೇಲೆ ಇನ್ನೊಂದು ಕೆಟ್ಟ ಚಟ ಅಂಟಿಕೊಳ್ಳುತ್ತದೆ. ಯಂತ್ರವಿದೆ, ಇನ್ಶೂರೆನ್ಸ್ ಕಾರ್ಡಿದೆ, ಮಾಡಿಬಿಡೋಣ ಎನ್ನುವ ಚಟ ಅದು. ನೆರೆಯ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ವಯಸ್ಸು ನಲವತ್ತೂ ಆಗದ ಹೆಣ್ಣುಮಕ್ಕಳ ಗರ್ಭಕೋಶ ಬೇಕಿಲ್ಲದೆ ತೆಗೆದ ಪ್ರಕರಣಗಳು ಬೆಳಕಿಗೆ ಬಂದು ರಾಜ್ಯವೇ ತಲೆ ತಗ್ಗಿಸಿತ್ತು. ಬಿಳಿ ಮುಟ್ಟು, ಸೊಂಟನೋವು ಎಂದು ಬಂದವಳನ್ನು ಓಟಿಗೆ ಕಳಿಸುವ ಮೊದಲು ಔಷಧಿಗೆ ಅವಕಾಶ ಕೊಡಿ. "ಸಾಹೇಬ್ರ, ದುರ್ಬೀನಿಂದ ತಗದುಬಿಡ್ರಿ" ಎಂದು ಅವಳೇ ಕೇಳಿದರೂ ಬೇಡದ ಆಪರೇಷನ್ ಬೇಡದ್ದೇ.

ಕೊನೆಯ ಮಾತು, ಮತ್ತೆ ಆಫ್ರಿಕಾದ್ದೇ. ಪೂರ್ವ, ಮಧ್ಯ ಮತ್ತು ದಕ್ಷಿಣ ಆಫ್ರಿಕಾದ ದೇಶಗಳು ಸೇರಿ 1999ರಲ್ಲಿ ಕೊಸೆಕ್ಸಾ ಎಂಬ ಸರ್ಜನ್‌ಗಳ ಕಾಲೇಜು ಕಟ್ಟಿಕೊಂಡವು. ಅದು ಗೋಡೆಗಳಿಲ್ಲದ ಕಾಲೇಜು. ತರಬೇತಿ ನಡೆಯುವುದು ಆಯಾ ದೇಶದ ಆಸ್ಪತ್ರೆಗಳಲ್ಲೇ, ಅಲ್ಲಿನ ರೋಗಿಗಳ ನಡುವೆಯೇ. ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ. ಹೊರಗೆ ಹೋಗಿ ಕಲಿತವರು ಮರಳಿ ಬಂದು ತಮ್ಮ ಊರಲ್ಲೇ ಮುಂದಿನವರನ್ನು ತಯಾರು ಮಾಡಬೇಕು, ಇಲ್ಲದಿದ್ದರೆ ಪ್ರತಿ ಪೀಳಿಗೆಯೂ ವಿಮಾನದ ಟಿಕೆಟ್ ಕೊಳ್ಳುತ್ತಲೇ ಇರಬೇಕಾಗುತ್ತದೆ. ಈ ಲೆಕ್ಕ ಅವರಿಗೆ ನಮಗಿಂತ ಬೇಗ ಅರ್ಥವಾಗಿದೆ.

ನಮಗೆ ಅಷ್ಟು ದೊಡ್ಡದು ಬೇಡ. ನಾಲ್ಕು ತಾಲ್ಲೂಕಿನ ಸರ್ಜನ್‌ಗಳು, ಅರವಳಿಕೆಯವರು, ಓಟಿ ನರ್ಸ್‌ಗಳು ತಿಂಗಳಿಗೊಮ್ಮೆ ಒಂದೊಂದು ಊರಿನಲ್ಲಿ ಸೇರಿ. ನೀವು ಮಾಡಿದ ಆಪರೇಷನ್ನಿನ ವಿಡಿಯೋ ಕತ್ತರಿಸದೆ ತನ್ನಿ, ಚೆನ್ನಾಗಿ ಆದದ್ದಕ್ಕಿಂತ ಕಷ್ಟವಾದದ್ದನ್ನು ಮೊದಲು ತೋರಿಸಿ. ಎಷ್ಟು ಮಾಡಿದಿರಿ, ಎಷ್ಟರಲ್ಲಿ ಹೊಟ್ಟೆ ತೆರೆದಿರಿ, ಎಷ್ಟು ಗಾಯ ಕೀವಾಯಿತು ಎಂದು ಒಂದು ಸಾದಾ ನೋಟ್‌ಬುಕ್ಕಿನಲ್ಲಿ ಬರೆಯಿರಿ. ತರಗತಿಯಲ್ಲಿ ಪಕ್ಕದಲ್ಲಿ ಕೂತಿದ್ದ ಆ ಗೆಳೆಯನಿಗೋ ಗೆಳತಿಗೋ ಫೋನಿನಲ್ಲಿ ವಿಡಿಯೋ ಕಾಲ್ ಹಚ್ಚಿ, ಅವರ ಕಷ್ಟದ ಕೇಸನ್ನೂ ಕೇಳಿ. ಮೊದಲ ಸಭೆ ಇಂಡಿಯಲ್ಲೋ ಮುದ್ದೇಬಿಹಾಳದಲ್ಲೋ ನೀವೇ ತೀರ್ಮಾನ ಮಾಡಿ ತಿಳಿಸಿ. ನಾನು ಬಸ್ ಹತ್ತಿ ಬರುತ್ತೇನೆ.