ಸಾಮಾಜಿಕ ಮನೋವಿಜ್ಞಾನದಲ್ಲಿ ರಿಡಕ್ಷನಿಸಂ

ಗುಂಪಿನ ಅಥವಾ ಸಮಾಜದ ಮಟ್ಟದ ವರ್ತನೆಯನ್ನು ವ್ಯಕ್ತಿಯ ಸ್ವಭಾವ, ಸಹಜ ಪ್ರವೃತ್ತಿ, ಮೆದುಳಿನ ಕ್ರಿಯೆ ಇಷ್ಟಕ್ಕೇ ಇಳಿಸಿ ವಿವರಿಸುವುದು ರಿಡಕ್ಷನಿಸಂ. ವ್ಯಕ್ತಿಗಳ ಮನೋವಿಜ್ಞಾನವನ್ನು ಬಿಟ್ಟು ಗುಂಪಿಗೆ ಬೇರೆ ಮನೋವಿಜ್ಞಾನವಿಲ್ಲ ಎಂದು ಫ್ಲಾಯ್ಡ್ ಆಲ್‌ಪೋರ್ಟ್ 1924ರ ‘ಸೋಷಿಯಲ್ ಸೈಕಾಲಜಿ’ ಕೃತಿಯಲ್ಲಿ ವಾದಿಸಿದರು.

ಪರೀಕ್ಷೆಯಲ್ಲಿ ಉದಾಹರಣೆ ಕೇಳಿದರೆ ಪೂರ್ವಗ್ರಹದ ಅಧ್ಯಯನವನ್ನೇ ಬರೆಯುವುದು ಒಳ್ಳೆಯದು. 1950ರ ‘ದಿ ಅಥಾರಿಟೇರಿಯನ್ ಪರ್ಸನಾಲಿಟಿ’ಯಲ್ಲಿ ಅಡೋರ್ನೊ ಮತ್ತು ಸಂಗಡಿಗರು ಪೂರ್ವಗ್ರಹದ ಬೇರನ್ನು ಕಠಿಣ ಶಿಸ್ತಿನ ಬಾಲ್ಯ ರೂಪಿಸಿದ ವ್ಯಕ್ತಿತ್ವದಲ್ಲಿ ಹುಡುಕಿದರು, ಆ ವ್ಯಕ್ತಿತ್ವವನ್ನು ಅಳೆಯಲು ಎಫ್-ಮಾಪಕ ಎಂಬ ಪ್ರಶ್ನಾವಳಿ ಬಳಸಿದರು. ಇದಕ್ಕೆ ಗಟ್ಟಿ ಉತ್ತರ ಬಂದದ್ದು ಥಾಮಸ್ ಪೆಟಿಗ್ರೂ 1958ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ದಕ್ಷಿಣ ಆಫ್ರಿಕಾದ ಬಿಳಿಯ ವಿದ್ಯಾರ್ಥಿಗಳಲ್ಲಿ ಜನಾಂಗೀಯ ಪೂರ್ವಗ್ರಹ ತೀವ್ರವಾಗಿತ್ತು, ಎಫ್-ಮಾಪಕದ ಅಂಕ ಮಾತ್ರ ಅಸಾಧಾರಣವಾಗಿರಲಿಲ್ಲ. ಅವರು ಅನುಸರಿಸುತ್ತಿದ್ದದ್ದು ವರ್ಣಭೇದವನ್ನೇ ಕಾನೂನಾಗಿಸಿಕೊಂಡಿದ್ದ ಸಮಾಜದ ರೂಢಿಯನ್ನು. ಇಂಥ ಅನ್ಯಾಯವನ್ನು ಕೆಲವರ ಕೆಟ್ಟ ಸ್ವಭಾವವೆಂದು ಬಗೆದರೆ ಕಾನೂನು, ಸಂಸ್ಥೆಗಳ ಹೊಣೆ ಮರೆಯಾಗುತ್ತದೆ. ರಿಡಕ್ಷನಿಸಂನ ದೊಡ್ಡ ಅಪಾಯ ಇದೇ.

ರಿಡಕ್ಷನಿಸಂಗೆ ಪರ್ಯಾಯವಾಗಿ ತಾಜ್‌ಫೆಲ್ ಮತ್ತು ಟರ್ನರ್ 1979ರಲ್ಲಿ ಮಂಡಿಸಿದ ಸಾಮಾಜಿಕ ಗುರುತಿನ ಸಿದ್ಧಾಂತ ಗುಂಪಿನ ಸದಸ್ಯತ್ವವನ್ನೇ ವಿವರಣೆಯ ಕೇಂದ್ರಕ್ಕೆ ತಂದಿತು. ವಿಲೆಮ್ ದ್ವಾಸ್ ಗುರುತಿಸಿದ ನಾಲ್ಕು ವಿವರಣಾ ಮಟ್ಟಗಳನ್ನೂ ನೆನಪಿಡಿ: ವ್ಯಕ್ತಿಯೊಳಗಿನದು, ವ್ಯಕ್ತಿಗಳ ನಡುವಿನದು, ಸಾಮಾಜಿಕ ಸ್ಥಾನದ್ದು, ಸೈದ್ಧಾಂತಿಕ ನಂಬಿಕೆಗಳದ್ದು.