ನುಂಗಿದ ಮೇಲೂ ಸಾಯದ ರೋಗಾಣು: ಒಂದು ಪಾಠದ ಮರುಯೋಜನೆ

ಗಂಗಾವತಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಯ ವೇಳೆ ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುತ್ತಿದ್ದೆ. ಭಕ್ಷಕ ಕೋಶಗಳು ದೇಹದ ಸೈನಿಕರು, ಒಳಬಂದ ಬ್ಯಾಕ್ಟೀರಿಯಾಗಳನ್ನು ನುಂಗಿ ಮುಗಿಸುತ್ತವೆ ಎಂದು ವಿವರಿಸಿ, 1876ರಲ್ಲಿ ರಾಬರ್ಟ್ ಕಾಕ್ ಆಂಥ್ರಾಕ್ಸ್ ರೋಗಾಣುವಿನ ಬಗ್ಗೆ ಮಾಡಿದ ಶೋಧದ ವಿಷಯಕ್ಕೆ ಬಂದೆ. ಆಂಥ್ರಾಕ್ಸ್ ಎಂದರೆ ನಮ್ಮ ನೆರಡಿ ರೋಗ ಎಂದಕೂಡಲೇ ಕುರಿ ಸಾಕುವ ಮನೆಯ ಹುಡುಗನೊಬ್ಬ ಎದ್ದು ನಿಂತ. "ಸರ್, ಸೈನಿಕ್ರು ನುಂಗ್ತಾರಂದ್ರ ಮುಂಜಾನಿ ಮೇಯ್ದ ಕುರಿ ಸಂಜಿಗೆ ಯಾಕ ಸಾಯ್ತಾವ್ರಿ?"

ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆಂದು ಕೂರಿಸಿದೆ.

ರಾತ್ರಿ ಓದಿದಾಗ ನನ್ನ ಹೋಲಿಕೆಯೇ ದಾರಿ ತಪ್ಪಿಸಿದ್ದು ತಿಳಿಯಿತು. ನೆರಡಿಯ ಬೀಜಕಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು ಮೇವಿನೊಡನೆ ಒಳಸೇರುತ್ತವೆ. ಭಕ್ಷಕ ಕೋಶ ಅವನ್ನು ನುಂಗುವುದೇನೋ ನಿಜ. ಆದರೆ ಕೆಲವು ಅದರೊಳಗೇ ಮೊಳೆಯುತ್ತವೆ. ಆಮೇಲೆ ಬ್ಯಾಕ್ಟೀರಿಯಾ ಮೂರು ಪ್ರೋಟೀನುಗಳನ್ನು ಹೊರಬಿಡುತ್ತದೆ. ಒಂದು ಕೋಶದ ಪೊರೆಗೆ ಅಂಟಿ ದಾರಿ ಮಾಡಿಕೊಡುತ್ತದೆ. ಆ ದಾರಿಯಲ್ಲಿ ಒಳಹೊಕ್ಕ ಎರಡನೆಯದು ಕೋಶದೊಳಗೆ ಸಂದೇಶ ಸಾಗಿಸುವ ಪ್ರೋಟೀನುಗಳನ್ನು ಕತ್ತರಿಸುತ್ತದೆ. ಮೂರನೆಯದು ಕೋಶದ ರಾಸಾಯನಿಕ ಸಮತೋಲನ ಕೆಡಿಸಿ ನುಂಗುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಮೊದಲನೆಯದಿಲ್ಲದೆ ಉಳಿದೆರಡಕ್ಕೆ ಒಳಗೆ ಪ್ರವೇಶವಿಲ್ಲ.

ಮರುದಿನ ಸೈನಿಕರನ್ನು ಕೈಬಿಟ್ಟೆ. ಐವರನ್ನು ಸಾಲಾಗಿ ನಿಲ್ಲಿಸಿ, 'ರೋಗಾಣು ಬಂದಿದೆ' ಎಂಬ ಚೀಟಿಯನ್ನು ಬಾಗಿಲಿನಿಂದ ಕಪ್ಪುಹಲಗೆಯವರೆಗೆ ಕೈಯಿಂದ ಕೈಗೆ ಸಾಗಿಸಲು ಹೇಳಿದೆ. ಒಬ್ಬ ಹುಡುಗಿಗೆ ಕೀಲಿಕೈ, ಇನ್ನೊಬ್ಬಳಿಗೆ ರಟ್ಟಿನ ಕತ್ತರಿ. ಕೀಲಿಕೈಯವಳು ಬಾಗಿಲು ತೆಗೆದಳು, ಕತ್ತರಿಯವಳು ಬಂದು ನಡುವಿನವನನ್ನು ಸಾಲಿನಿಂದ ಎಳೆದಳು. ಚೀಟಿ ಅಲ್ಲೇ ನಿಂತಿತು. ಗದ್ದಲವಾಯಿತು, ಹತ್ತು ನಿಮಿಷ ಹೆಚ್ಚೇ ಹೋಯಿತು. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಅದನ್ನೂ ಬರೆದರು. ಆದರೆ "ಕೀಲಿಕೈಗೆ ಅರಿವಿ ಸುತ್ತಿದ್ರ?" ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಲಸಿಕೆಯ ಕೆಲಸ ಹೆಚ್ಚೂಕಡಿಮೆ ಅದೇ: ಲಸಿಕೆ ಹಾಕಿಸಿದ ಕುರಿಯ ಪ್ರತಿಕಾಯಗಳು ಆ ಮೊದಲ ಪ್ರೋಟೀನನ್ನು ಮುತ್ತಿಕೊಂಡು ದಾರಿ ತೆರೆಯದಂತೆ ಮಾಡುತ್ತವೆ. ಬೆಂಗಳೂರಿನ ಹೆಬ್ಬಾಳದಲ್ಲಿ ಈ ಲಸಿಕೆ ತಯಾರಾಗುತ್ತದೆ ಎಂದೂ ಹೇಳಿದೆ.

ಮೊದಲ ದಿನದ ಹುಡುಗ ಅವಧಿ ಮುಗಿದ ಮೇಲೆ ಬಂದ. "ಸತ್ತ ಕುರಿ ಚರ್ಮ ಸುಲೀಬಾರ್ದೇನ್ರಿ?" ಅವರ ಕುರಿ ಯಾವ ರೋಗದಿಂದ ಸತ್ತಿತೋ ಹೇಳಲು ನಾನು ಪಶುವೈದ್ಯನಲ್ಲ. ದಿಢೀರನೆ ಸತ್ತು ಮೂಗಿನಲ್ಲಿ ರಕ್ತ ಬಂದಿದ್ದರೆ ಕೊಯ್ಯಬಾರದು, ಗಾಳಿ ತಾಗಿದರೆ ಬೀಜಕಗಳಾಗುತ್ತವೆ, ಮಾಂಸ ಮುಟ್ಟಿದವರಿಗೂ ರೋಗ ತಗಲುತ್ತದೆ, ಮೊದಲು ಪಶು ಆಸ್ಪತ್ರೆಗೆ ತಿಳಿಸಿ, ಅವರು ಹೇಳಿದಂತೆ ಇಡಿಯಾಗಿ ಸುಣ್ಣ ಹಾಕಿ ಆಳಕ್ಕೆ ಹೂಳಬೇಕು ಎಂದೆ. ಇದು ನನ್ನ ಎರಡೂ ಪಾಠಯೋಜನೆಗಳಲ್ಲಿ ಇರಲಿಲ್ಲ. ಮರುದಿನ ಪೀಠಿಕೆಯಲ್ಲೇ ಇದನ್ನು ಇಡೀ ತರಗತಿಗೆ ಹೇಳಿದೆ.

ಕಿರುಪರೀಕ್ಷೆಯಲ್ಲಿ ಕೆಲವರು 'ನಂಜು ಕೋಶವನ್ನು ತಿನ್ನುತ್ತದೆ' ಎಂದೇ ಬರೆದಿದ್ದರು. ರಟ್ಟಿನ ಕತ್ತರಿ ಅವರಿಗೆ ಬಾಯಿಯಂತೆ ಕಂಡಿತ್ತೋ ಏನೋ.