ಬೆನ್ನು ನೋಡಿ ಬೀರು ಕೊಳ್ಳಿ

ಮಲೆನಾಡಿನ ತೊಟ್ಟಿಮನೆಗಳೂ ಕರಾವಳಿಯ ಗುತ್ತಿನ ಮನೆಗಳೂ ಬೆಂಗಳೂರು ಮೈಸೂರುಗಳ ಹಳೆಯ ಬಂಗಲೆಗಳೂ ಒಂದೊಂದಾಗಿ ನೆಲಸಮವಾಗುತ್ತಿರುವ ಈ ಕಾಲದಲ್ಲಿ, ಮೂರು ನಾಲ್ಕು ತಲೆಮಾರುಗಳ ಬಟ್ಟೆಬರೆಯನ್ನೂ ಪಾತ್ರೆಪಡಗವನ್ನೂ ಕಾಗದಪತ್ರಗಳನ್ನೂ ತಮ್ಮ ಗರ್ಭದಲ್ಲಿ ಕಾಪಾಡಿಕೊಂಡು ಬಂದ ಮರದ ಬೀರುಗಳು ಗುಜರಿಯ ಅಂಗಡಿಗಳಿಗೆ ಬಂದು ನಿಲ್ಲುತ್ತಿವೆ. ಅಲ್ಲಿಂದ ಹೊಸ ಪಾಲಿಶ್ ಬಳಿಸಿಕೊಂಡು ನಗರದ ಹೊಸ ಮನೆಗಳನ್ನು ಸೇರುತ್ತಿವೆ. ಈ ವ್ಯಾಪಾರದಲ್ಲಿ ಪ್ರಾಮಾಣಿಕರೂ ಇದ್ದಾರೆ, ನಿನ್ನೆ ಮೊನ್ನೆ ಮಾಡಿದ್ದಕ್ಕೆ ಮಸಿ ಬಳಿದು ಮುತ್ತಾತನ ಕಾಲದ್ದೆಂದು ಮಾರುವವರೂ ಇದ್ದಾರೆ. ಇವರಿಬ್ಬರ ಭೇದ ತಿಳಿಯಬೇಕಾದರೆ ಬೀರುವಿನ ಮುಖಕ್ಕೆ ಮರುಳಾಗದೆ ಅದರ ಬೆನ್ನು, ಹೊಟ್ಟೆ, ಪಾದಗಳನ್ನು ಪರೀಕ್ಷಿಸುವ ಅಭ್ಯಾಸ ಬೇಕು. ಅಲಂಕಾರವೆಲ್ಲ ನಡೆಯುವುದು ಮುಖಕ್ಕೆ. ಬೆನ್ನಿಗೆ ಪಾಲಿಶ್ ಹಚ್ಚುವ ಶ್ರಮವನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

ಮೊದಲ ಹೆಜ್ಜೆಯನ್ನು ಅಂಗಡಿಯ ಕಡೆಗೆ ಇಡತಕ್ಕದ್ದಲ್ಲ, ಅಳತೆಯ ಟೇಪು ಹಿಡಿದು ಮನೆಯೊಳಗೇ ಇಡತಕ್ಕದ್ದು. ಬೀರು ನಿಲ್ಲಬೇಕಾದ ಗೋಡೆಯನ್ನಷ್ಟೇ ಅಳೆದರೆ ಸಾಲದು. ಮುಂಬಾಗಿಲು, ಮೆಟ್ಟಿಲಿನ ತಿರುವು, ಲಿಫ್ಟಿನ ಬಾಗಿಲು ಇವಿಷ್ಟನ್ನೂ ಅಳೆದು ಬರೆದಿಟ್ಟುಕೊಳ್ಳಬೇಕು. ಹಳೆಯ ದೊಡ್ಡ ಬೀರುಗಳು ಆರೂವರೆ ಏಳು ಅಡಿ ಎತ್ತರವಿರುವುದುಂಟು, ಅವು ಲಿಫ್ಟಿನಲ್ಲಿ ಹಿಡಿಸುವುದಿಲ್ಲ. ಆದರೆ ಅವುಗಳಲ್ಲಿ ಎಷ್ಟೋ ಬೀರುಗಳ ತಲೆಕಟ್ಟು, ಒಡಲು, ಪೀಠಗಳು ಬೇರೆ ಬೇರೆಯಾಗಿ ಬಿಚ್ಚಿಕೊಳ್ಳುವಂತೆ ರಚಿತವಾಗಿರುತ್ತವೆ. ಬಿಚ್ಚಲು ಬರುತ್ತದೆಯೇ ಎಂದು ಕೇಳುವುದಷ್ಟೇ ಅಲ್ಲ, ಕಣ್ಣೆದುರಿಗೆ ಬಿಚ್ಚಿ ತೋರಿಸಲು ಹೇಳಬೇಕು. ಒಳಗಿನ ಆಳವೂ ಮುಖ್ಯ. ಹ್ಯಾಂಗರಿಗೆ ಅಂಗಿ ತೂಗುಹಾಕಲು ಸುಮಾರು 22 ಅಂಗುಲ ಆಳ ಬೇಕು; ಮಡಿಸಿದ ಸೀರೆ ಪಂಚೆಗಳಿಗೆಂದು ಮಾಡಿದ ಅನೇಕ ಬೀರುಗಳು ಅಷ್ಟು ಆಳವಿರುವುದಿಲ್ಲ.

ಆಮೇಲೆ, ಒಳಗೆ ಏನನ್ನು ಇಡುತ್ತೇವೆಂಬುದನ್ನು ನಿಶ್ಚಯಿಸಿಕೊಂಡು ಅದಕ್ಕೆ ಒಪ್ಪುವ ಜಾತಿಯನ್ನು ಹುಡುಕಬೇಕು. ಬಟ್ಟೆಗೆ ಎರಡು ಬಾಗಿಲಿನ ತೇಗದ ಬೀರು, ಪುಸ್ತಕಕ್ಕೆ ವಕೀಲರ ಮನೆಗಳಲ್ಲಿರುತ್ತಿದ್ದ ಗಾಜಿನ ಬಾಗಿಲಿನ ಕಪಾಟು. ಇವುಗಳ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅಡುಗೆಮನೆಗೆ ಜಾಲರಿಯ ಬೀರು ಬಲು ಸೊಗಸು: ಬಾಗಿಲಿಗೆ ತಂತಿಯ ಬಲೆ ಹೊಡೆದು, ಬೆಕ್ಕಿಗೂ ನೊಣಕ್ಕೂ ಎಟುಕದಂತೆ ಹಾಲು ಮೊಸರು ತಿಂಡಿಗಳನ್ನು ಗಾಳಿಯಾಡುವಲ್ಲಿ ಇಡುತ್ತಿದ್ದುದು ಅದರಲ್ಲಿಯೇ. ಇರುವೆ ಹತ್ತದಂತೆ ಅದರ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುತ್ತಿದ್ದರಾಗಿ, ಕಾಲಿನ ಕೊನೆಯ ಎರಡು ಮೂರು ಅಂಗುಲ ಕೊಳೆತಿರುವ ಸಂಭವ ಹೆಚ್ಚು. ಅಲ್ಲಿ ಉಗುರಿನಿಂದಲೋ ಸಣ್ಣ ಚಾಕುವಿನಿಂದಲೋ ಒತ್ತಿ ನೋಡದೆ ಹಣ ಕೊಡಬಾರದು. ಅಕ್ಕಿ ಭತ್ತ ತುಂಬುತ್ತಿದ್ದ ಪತ್ತಾಯವನ್ನೂ ತುಳುನಾಡಿನ ಕಲೆಂಬಿಯನ್ನೂ ಈಗ ಹಾಸಿಗೆ ಕಂಬಳಿಗಳಿಗೆ ಬಳಸುವವರಿದ್ದಾರೆ. ಮುಚ್ಚಳ ಮೇಲಕ್ಕೆ ತೆರೆಯುವುದರಿಂದ ಅವು ವರ್ಷಕ್ಕೆರಡು ಸಲ ಬೇಕಾಗುವ ವಸ್ತುಗಳಿಗೆ ಯೋಗ್ಯವೇ ಹೊರತು ದಿನನಿತ್ಯದ ಬಳಕೆಗಲ್ಲ. ಪ್ರತಿ ಸಲವೂ ಮೇಲಿಟ್ಟ ಹೂದಾನಿಯನ್ನು ಕೆಳಗಿಳಿಸುವ ತಾಳ್ಮೆ ಯಾರಿಗಿದೆ? ಮರವೇ ಬೇಕೆಂಬ ಹಟವಿಲ್ಲದವರು ಹಳೆಯ ಉಕ್ಕಿನ ಬೀರುಗಳನ್ನೂ ನೋಡಬಹುದು. ಗೋದ್ರೆಜ್ ಕಂಪನಿ ಉಕ್ಕಿನ ಬೀರುಗಳ ತಯಾರಿಕೆಗೆ ತೊಡಗಿದುದು 1923ರಲ್ಲಿ; ಗೆದ್ದಲಿನ ಭಯವೇ ಇಲ್ಲದ ಅವುಗಳಲ್ಲಿ ತಳದ ತುಕ್ಕು ಮತ್ತು ಬೀಗ, ಇವೆರಡನ್ನು ಪರೀಕ್ಷಿಸಿದರೆ ಸಾಕು.

ಕೊಳ್ಳುವುದಕ್ಕೆ ಮೊದಲು ಕಣ್ಣು ಪಳಗಬೇಕು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿ ಬೆಳೆಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿಯೂ ಬಂಟ್ವಾಳದ ತುಳು ಬದುಕು ವಸ್ತುಸಂಗ್ರಹಾಲಯದಲ್ಲಿಯೂ ಒಂದೊಂದು ದಿನ ಸಾವಕಾಶವಾಗಿ ಕಳೆದರೆ, ನಿಜವಾಗಿ ಹಳತಾದ ಮರ ಹೇಗೆ ಕಾಣುತ್ತದೆಂಬುದು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಮನಸ್ಸಿಗಿಳಿಯುತ್ತದೆ. ವ್ಯಾಪಾರಕ್ಕೆ ಬೆಂಗಳೂರಿನ ಶಿವಾಜಿನಗರವಿದೆ, ಕೊಚ್ಚಿಯ ಮಟ್ಟಾಂಚೇರಿಯಿದೆ. ಬರ್ಮಾ ತೇಗದಿಂದ ಕಟ್ಟಿದ ಚೆಟ್ಟಿನಾಡಿನ ಸೌಧಗಳ ಸಾಮಾನು ಕಾರೈಕುಡಿಯ ಬೀದಿಗಳಲ್ಲಿ ದೊರೆಯುತ್ತದೆ. ಎಲ್ಲಿಗೇ ಹೋಗಲಿ, ಪರಿಚಯದ ಬಡಗಿಯೊಬ್ಬರನ್ನು ದಿನಗೂಲಿ ಕೊಟ್ಟಾದರೂ ಜೊತೆಗೆ ಕರೆದೊಯ್ಯುವುದು ಲೇಸು. ಆ ಕೂಲಿ ವ್ಯರ್ಥವಾಗುವುದಿಲ್ಲ.

ಇನ್ನು ಪರೀಕ್ಷೆ. ಬೀರುವಿನಲ್ಲಿ ಡ್ರಾಯರಿದ್ದರೆ ಅದನ್ನು ಪೂರ್ತಿಯಾಗಿ ಹೊರಗೆಳೆದು, ತಲೆಕೆಳಗು ಮಾಡಿ, ಬೆಳಕಿಗೆ ಹಿಡಿಯಿರಿ. ಪಕ್ಕದ ಹಲಗೆಯೂ ಮುಂದಿನ ಹಲಗೆಯೂ ಕೂಡುವ ಮೂಲೆಯಲ್ಲಿ ಪಾರಿವಾಳದ ಬಾಲದಂತೆ ಅಗಲವಾಗುತ್ತ ಹೋಗುವ ಹಲ್ಲುಗಳು ಒಂದರೊಳಗೊಂದು ಕಚ್ಚಿಕೊಂಡಿರುತ್ತವೆ. ಕೈಯಿಂದ ಕೊರೆದವಾದರೆ ಅವು ಒಂದಕ್ಕೊಂದು ತುಸು ಅಸಮವಾಗಿರುತ್ತವೆ, ಅವುಗಳ ಬುಡದಲ್ಲಿ ಆಚಾರಿ ಅಳತೆಗೆಂದು ಗೀಚಿಕೊಂಡ ಸಣ್ಣ ಗೆರೆಯೂ ಉಳಿದಿರುತ್ತದೆ. ಎಲ್ಲ ಹಲ್ಲುಗಳೂ ಅಚ್ಚಿನಲ್ಲಿ ಎರಕ ಹೊಯ್ದಂತೆ ಸಮನಾಗಿದ್ದರೆ ಅದು ಯಂತ್ರದ ಕೆಲಸ. ಡ್ರಾಯರಿನ ತಳವನ್ನು ಅಂಗೈಯಿಂದ ಸವರಿದರೆ ಹತ್ತರಿ ಹೊಡೆದ ಏರುತಗ್ಗುಗಳು ಬೆರಳಿಗೆ ಸಿಕ್ಕಬೇಕು. ದಶಕಗಳ ಕಾಲ ಎಳೆದು ನೂಕಿದ ಡ್ರಾಯರಿನ ಕೆಳ ಅಂಚು ಹಿಂಬದಿಯಲ್ಲಿ ಸವೆದಿರುತ್ತದೆ. ಅದು ಜಾರುವ ಪಟ್ಟಿಯ ಮೇಲೆಯೂ ಅದಕ್ಕೆ ಸರಿಹೊಂದುವ ಸವಕಳಿ ಇರಬೇಕು. ಒಂದು ಸವೆದು ಇನ್ನೊಂದು ಹೊಸದರಂತಿದ್ದರೆ ಎರಡರಲ್ಲೊಂದನ್ನು ಬದಲಾಯಿಸಿದ್ದಾರೆಂದೇ ಅರ್ಥ.

ಬಳಿಕ ಬೀರುವನ್ನು ಗೋಡೆಯಿಂದ ಎಳೆಸಿ ಬೆನ್ನು ನೋಡಿ. ಬೆನ್ನಿಗೆ ಪ್ಲೈವುಡ್ಡು ಹೊಡೆದಿದ್ದು, ಮಾರುವವರು ನೂರೈವತ್ತು ವರ್ಷದ ವಸ್ತುವೆನ್ನುತ್ತಿದ್ದರೆ, ಒಂದೋ ಬೆನ್ನು ಆಮೇಲಿನದು, ಇಲ್ಲವೆ ಕಥೆ ಆಮೇಲಿನದು. ಗರಗಸದ ಗುರುತು ಕಮಾನಿನಂತೆ ಬಾಗಿದ್ದರೆ ಅದು ಯಂತ್ರದ ವೃತ್ತಗರಗಸದಿಂದ ಕೊಯ್ದ ಮರ. ನೆಟ್ಟನೆಯ ಗುರುತು ಕೈಗರಗಸದ್ದಿರಬಹುದಾದರೂ, ನಮ್ಮಲ್ಲಿ ಇಬ್ಬರು ನಿಂತು ಕೈಯಿಂದ ಮರ ಕೊಯ್ಯುವ ಪದ್ಧತಿ ಇಪ್ಪತ್ತನೆಯ ಶತಮಾನದಲ್ಲಿಯೂ ಬಹುಕಾಲ ಉಳಿದಿದ್ದುದರಿಂದ ಅದೊಂದನ್ನೇ ನಂಬಿ ವಯಸ್ಸು ಕಟ್ಟಲಾಗದು. ನಕ್ಷತ್ರದಂತಹ ತಲೆಯ ತಿರುಪುಮೊಳೆ ಬಳಕೆಗೆ ಬಂದುದು 1930ರ ದಶಕದಿಂದೀಚೆಗೆ. ಹಿಡಿಕೆಯ ಹಿಂದೆ ಒಳಬದಿಯಲ್ಲಿ ಮುಚ್ಚಿದ ಹಳೆಯ ತೂತುಗಳಿದ್ದರೆ ಹಿತ್ತಾಳೆಯ ಹಿಡಿಕೆಗಳು ಮೂಲದವಲ್ಲ. ಮರ ಎಳೆಯ ಉದ್ದಕ್ಕೆ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಆದುದರಿಂದ ಹಳೆಯ ಬಾಗಿಲುಗಳ ಚೌಕಟ್ಟಿನೊಳಗಿನ ಹಲಗೆ ಕಿರಿದಾಗಿ, ಅಂಚಿನಲ್ಲಿ ಪಾಲಿಶ್ ಕಾಣದ ಬಿಳಿಚು ಗೆರೆಯೊಂದು ಹೊರಬಿದ್ದಿರುತ್ತದೆ. ಆ ಗೆರೆ ದೋಷವೆಂದು ತಿಳಿಯಬೇಡಿ, ವಯಸ್ಸಿನ ಸಾಕ್ಷಿಗಳಲ್ಲಿ ನನಗೆ ಅದರ ಮೇಲೆ ಹೆಚ್ಚು ವಿಶ್ವಾಸ.

ಹೀಗೆಂದ ಮಾತ್ರಕ್ಕೆ ದುರಸ್ತಿಯಾದ ಬೀರುವನ್ನೆಲ್ಲ ತ್ಯಜಿಸಬೇಕೆಂದಲ್ಲ. ಕೊಳೆತ ಕಾಲನ್ನು ಕತ್ತರಿಸಿ ಅದೇ ಜಾತಿಯ ಮರದ ತುಂಡನ್ನು ಕೂಡಿಸಿ, ಕೂಡಿಸಿದ್ದೇವೆಂದು ಹೇಳಿ ಮಾರುವವರು ಗೌರವಾರ್ಹರು. ಒಂದರ ತಲೆಯನ್ನು ಇನ್ನೊಂದರ ಒಡಲಿಗೆ ಹೊಂದಿಸಿ ಒಂದೇ ವಸ್ತುವೆಂಬಂತೆ ಮಾರುವುದು ಮಾತ್ರ ಅಕ್ಷಮ್ಯ. ಅದನ್ನು ಪತ್ತೆಮಾಡಲು ಎರಡು ಭಾಗಗಳ ಬೆನ್ನಿನ ಹಲಗೆಗಳ ದಪ್ಪ, ಎಳೆ, ಬಣ್ಣಗಳನ್ನು ಹೋಲಿಸಬೇಕು.

ಮರದ ಜಾತಿಯನ್ನು ತೂಕವೂ ಹೇಳುತ್ತದೆ. ಒಣಗಿದ ತೇಗ ಘನ ಅಡಿಗೆ ಸುಮಾರು 18 ಕಿಲೋ, ಬೀಟೆ ಸುಮಾರು 24 ಕಿಲೋ. ಬೀಟೆಯಲ್ಲಿ ನೇರಳೆ ಕಪ್ಪಿನ ಗೆರೆಗಳಿರುತ್ತವೆ. ಹಲಸು ಎಳೆಯದಾಗಿದ್ದಾಗ ಹಳದಿ, ಹಳತಾದಂತೆ ಕಂದು. ಯಾವುದೇ ಮರವಾಗಲಿ, ಒಳಗಿನ ಚೇಗಿನಿಂದ ಮಾಡಿದ್ದು ಬಾಳುತ್ತದೆ. ಹೊರಗಿನ ಬೆಳ್ಳನೆಯ ಭಾಗವನ್ನು ಕುಟ್ಟೆಹುಳು ಹುಡುಕಿಕೊಂಡು ಬರುತ್ತದೆ. ಒಂದೆರಡು ಮಿಲಿಮೀಟರಿನ ದುಂಡು ತೂತುಗಳನ್ನು ಕಂಡು ಬೆದರಬೇಕಾದುದಿಲ್ಲ. ಅವು ಹುಳು ಹೊರಟುಹೋದ ದಾರಿಗಳಾಗಿರಬಹುದು. ಕೊಂಡ ಬೀರುವನ್ನು ನೇರವಾಗಿ ಒಳಗೆ ತರದೆ ಎರಡು ವಾರ ಜಗುಲಿಯಲ್ಲಿ ನಿಲ್ಲಿಸಿ, ಕೆಳಗೆ ಕಪ್ಪು ಕಾಗದ ಹಾಸಿ. ಕಾಗದದ ಮೇಲೆ ಹಿಟ್ಟಿನಂತಹ ಹೊಸ ಪುಡಿ ಉದುರಿದರೆ ಹುಳು ಇನ್ನೂ ಜೀವಂತವಾಗಿದೆಯೆಂದು ತಿಳಿದು, ಮರಕ್ಕೆಂದೇ ದೊರೆಯುವ ಕೀಟನಾಶಕವನ್ನು ಕೈಗವಸು ತೊಟ್ಟು ಸಿರಿಂಜಿನಿಂದ ತೂತುಗಳೊಳಗೆ ಬಿಡಬೇಕು. ಆಹಾರ ಇಡುವ ಬೀರುವಿನ ಒಳಮೈಗೆ ಇದನ್ನು ಬಳಸಲೇಬಾರದು. ಹುಳು ಹಿಡಿದ ಜಾಲರಿಯ ಬೀರುವನ್ನು ಬಿಟ್ಟುಬರುವುದೇ ಜಾಣತನ.

ಮನೆಗೆ ಬಂದ ಮೇಲೆ ಹಳೆಯ ಪಾಲಿಶನ್ನು ಕೆರೆದು ಹಾಕುವ ಉತ್ಸಾಹವನ್ನು ತಡೆದುಕೊಳ್ಳಿ. ಮರೆಯಾದ ಜಾಗದಲ್ಲಿ ಒಂದು ಹನಿ ಸ್ಪಿರಿಟ್ ಹಾಕಿದಾಗ ಹೊಳಪು ಮೆತ್ತಗಾಗಿ ಅಂಟಿದರೆ ಅದು ಅರಗಿನ ಪಾಲಿಶ್. ಧೂಳು ಒರೆಸಿ ಜೇನುಮೇಣ ತಿಕ್ಕಿದರೆ ಸಾಕು, ಅದು ತಾನಾಗಿ ಎದ್ದು ಬರುತ್ತದೆ. ಬಣ್ಣ ಬಳಿದ ಹಳೆಯ ಬೀರುವನ್ನಂತೂ ಒಣಗಿದ್ದಂತೆಯೇ ಮರಳುಕಾಗದದಿಂದ ಉಜ್ಜಬಾರದು. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಕೂಡದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದುದೇ 2017ರ ನವೆಂಬರಿನಲ್ಲಿ. ಅದಕ್ಕೆ ಮುಂಚಿನ ಬಣ್ಣದ ಧೂಳು ಮಕ್ಕಳಿಗೆ ವಿಷ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಹೊತ್ತಿಕೊಳ್ಳಬಲ್ಲದೆಂಬುದೂ ನೆನಪಿರಲಿ, ಅದನ್ನು ಬಿಡಿಸಿ ಹರವಿ ಒಣಗಿಸಬೇಕು.

ನಿಲ್ಲಿಸುವಾಗ ಗೋಡೆಗೂ ಬೆನ್ನಿಗೂ ನಡುವೆ ಎರಡಂಗುಲ ಗಾಳಿ ಆಡಲಿ, ಮಳೆಗಾಲದಲ್ಲಿ ಬೂಸು ಹತ್ತುವುದು ತಪ್ಪುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಎತ್ತರದ ಬೀರುವಿನ ತಲೆಯನ್ನು ಕಬ್ಬಿಣದ ಪಟ್ಟಿಯಿಂದ ಗೋಡೆಗೆ ಬಿಗಿಸಲೇಬೇಕು. ಆಷಾಢದಲ್ಲಿ ಬಾಗಿಲು ಬಿಗಿದರೆ ಕೂಡಲೇ ಹತ್ತರಿ ಹೊಡೆಸಬೇಡಿ. ಚಳಿಗಾಲದ ಒಣಹವೆಗೆ ಅದು ಸಡಿಲಾಗುತ್ತದೆ.

ಅಜ್ಜಿಯ ಬೀರುವನ್ನು ಅಮೆರಿಕಕ್ಕೋ ಲಂಡನ್ನಿಗೋ ಸಾಗಿಸಬೇಕೆಂದು ಬಯಸುವ ಕನ್ನಡಿಗರಿಗೆ ಒಂದು ಮಾತು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ, ಕಲೆ ಕುಸುರಿಗಳ ದೃಷ್ಟಾಂತವಾಗಿ ನೂರು ವರ್ಷಕ್ಕೆ ಕಡಿಮೆಯಿಲ್ಲದೆ ಬಾಳಿದ ವಸ್ತು ಪ್ರಾಚ್ಯವಸ್ತುವೆನಿಸುತ್ತದೆ. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಬೀಟೆಯ ವಸ್ತುವಾದರೆ 2017ರ ಜನವರಿಯಿಂದ, ಅಳಿವಿನ ಭೀತಿಯಲ್ಲಿರುವ ಸಸ್ಯ ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹಿಡಿತದಲ್ಲಿಡುವ ಸೈಟಿಸ್ ಒಪ್ಪಂದದ ನಿಯಂತ್ರಣವೂ ಸೇರಿದೆ. ಆದುದರಿಂದ ಹಡಗಿನ ಬಾಡಿಗೆಯನ್ನು ಗೊತ್ತುಮಾಡುವ ಮೊದಲೇ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೆ ಛಾಯಾಚಿತ್ರಸಹಿತ ಅರ್ಜಿ ಸಲ್ಲಿಸಿ, ವಸ್ತು ಪ್ರಾಚ್ಯವಲ್ಲವೆಂಬ ಪ್ರಮಾಣಪತ್ರವನ್ನು ಪಡೆದುಕೊಳ್ಳಿ.